ನೊಣ ಹೊಡೆಯುವ ಕೆಲಸ

ಕೆಲಸವಿಲ್ಲದೆ ಕೂತವನನ್ನು ಕಂಡರೆ ‘ನೊಣ ಹೊಡೀತಾ ಕೂತಿದ್ದಾನೆ’ ಎನ್ನುವುದು ನಮ್ಮಲ್ಲಿ ರೂಢಿ. ಗಿರಾಕಿ ಇಲ್ಲದ ಅಂಗಡಿಯವನಿಗೂ ಇದೇ ಮಾತು. ಈ ಮಾತನ್ನು ಹುಟ್ಟುಹಾಕಿದವರು ಯಾರೋ ಏನೋ, ಹಲಸಿನ ಕಾಲದಲ್ಲಿ ಮಲೆನಾಡಿನ ಮನೆಯೊಂದರಲ್ಲಿ ಒಂದು ದಿನ ಕಳೆದವರಂತೂ ಅಲ್ಲ. ಕಳೆದಿದ್ದರೆ, ನೊಣ ಹೊಡೆಯುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಎಂಬುದು ಅವರಿಗೆ ತಿಳಿದಿರುತ್ತಿತ್ತು.

ನನ್ನ ಅಕ್ಕನ ಮನೆ ಸಾಗರದ ಕಡೆ ಒಂದು ಹಳ್ಳಿಯಲ್ಲಿದೆ. ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಐದಾರು ದನ, ಹಿತ್ತಿಲಲ್ಲಿ ನಾಲ್ಕು ಹಲಸಿನ ಮರ. ಪ್ರತಿ ವರ್ಷ ಮೊದಲ ಮಳೆ ಬೀಳುವ ಹೊತ್ತಿಗೆ ಅಲ್ಲಿ ನೊಣ ಏಳುವುದು ಹೊಸತಲ್ಲ. ಆದರೆ ಕಳೆದ ವರ್ಷ ಎದ್ದದ್ದು ನೊಣವಲ್ಲ, ದಂಡು. ಊಟಕ್ಕೆ ಕೂತರೆ ಎಡಗೈ ಬೀಸುತ್ತಲೇ ಇರಬೇಕು. ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ, ಒಂದು ಗುಟುಕಿಗೆ ತೆಗೆದು, ಮತ್ತೆ ಮುಚ್ಚಬೇಕು. ರಾತ್ರಿಯಾದರೆ ಅಷ್ಟೂ ನೊಣ ಅಡುಗೆಮನೆಯ ಜಂತಿಗೆ, ದೀಪದ ವೈರಿಗೆ ಸಾಲಾಗಿ ಅಂಟಿಕೊಂಡು ಮಲಗುತ್ತಿದ್ದವು. ವೈರು ಕರಿಮಣಿ ಸರದ ಹಾಗೆ ಕಾಣುತ್ತಿತ್ತು ಎಂದು ಅಕ್ಕ ಹೇಳಿದಳು.

ಆ ಸಲ ಮನೆಯಲ್ಲಿ ಮಗುವೂ ಇತ್ತು. ಬೆಂಗಳೂರಿನಲ್ಲಿರುವ ಮಗ ಸೊಸೆ ಒಂದೂವರೆ ವರ್ಷದ ಪುಟ್ಟನನ್ನು ಕರೆದುಕೊಂಡು ರಜೆಗೆ ಬಂದಿದ್ದರು. ಹೀಗಾಗಿ ಭಾವ ನೊಣದ ಮೇಲೆ ಯುದ್ಧ ಸಾರಿದರು. ಮೊದಲು ಬಾಗಿಲಿಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ತೂಗಿದರು. ಹೋಟೆಲುಗಳಲ್ಲಿ ನೀವೂ ನೋಡಿರುತ್ತೀರಿ. ನೊಣಗಳು ಆ ಚೀಲದ ಮೇಲೇ ಬಂದು ಕೂತವು. ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕಿದರು. ಹೊಗೆ ಇರುವಷ್ಟು ಹೊತ್ತು ನೊಣ ಹೊರಗೆ, ಮನೆಯವರೂ ಹೊರಗೆ. ಕೊನೆಗೆ ಪೇಟೆಯ ಅಂಗಡಿಯಿಂದ ಸಕ್ಕರೆಯಂಥ ವಿಷದ ಹರಳು ತಂದು, ಬಾಳೆಎಲೆಯ ಚೂರಿನ ಮೇಲೆ ಹರಡಿ, ಅಂಗಳದ ಮೂಲೆಯಲ್ಲಿಟ್ಟರು. ಅರ್ಧ ಗಂಟೆಯಲ್ಲಿ ಎಲೆಯ ಸುತ್ತ ನೊಣದ ರಾಶಿ. ಭಾವ ಗೆದ್ದವರಂತೆ ನಕ್ಕರಂತೆ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಾಕೆ ಎರಡು ಕೋಳಿಗಳನ್ನು ಕಾಲು ಹಿಡಿದು ತಂದು, ಒಂದು ಮಾತೂ ಆಡದೆ, ಅಂಗಳದಲ್ಲಿ ಮಲಗಿಸಿ ಹೋದಳು. ಭಾವ ಹಿಂದೆಯೇ ಹೋಗಿ ದುಡ್ಡು ಕೊಟ್ಟು ಬಂದರು. ದುಡ್ಡಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಅಂದು ರಾತ್ರಿ ಅಕ್ಕ ಒಂದೇ ಪ್ರಶ್ನೆ ಕೇಳಿದಳು: ‘ಕೋಳಿ ಹೆಕ್ಕಿದ್ದನ್ನ ಪುಟ್ಟ ಹೆಕ್ಕಿದ್ದರೆ?’

ಭಾವ ಎದ್ದು ಹೋಗಿ, ಉಳಿದ ಹರಳನ್ನು ಡಬ್ಬಿಯಲ್ಲಿ ಹಾಕಿ, ಬೀಗ ಹಾಕುವ ಕಪಾಟಿನಲ್ಲಿಟ್ಟರು. ನೊಣಗಳು ಮರುದಿನ ಮೊದಲಿನಷ್ಟೇ ಇದ್ದವು.

ಅದಾಗಿ ವಾರ ಕಳೆಯುವುದರೊಳಗೆ ಮಗುವಿಗೆ ಜ್ವರ ಬಂತು, ಭೇದಿ ಶುರುವಾಯಿತು, ಎರಡನೆಯ ದಿನ ರಕ್ತ ಕಂಡಿತು. ಪೇಟೆಯ ಮಕ್ಕಳ ಡಾಕ್ಟರು ಓಆರ್‌ಎಸ್, ಔಷಧಿ ಕೊಟ್ಟು ಗುಣ ಮಾಡಿದರು. ಹೊರಡುವಾಗ ‘ಮನೇಲಿ ನೊಣ ಜಾಸ್ತಿಯಾ?’ ಎಂದು ಕೇಳಿದರಂತೆ. ಸೊಸೆ ಜಗಳವಾಡುವವಳಲ್ಲ. ಮಗು ಚೇತರಿಸಿಕೊಂಡ ಮೇಲೆ ಬಟ್ಟೆ ಕಟ್ಟುತ್ತಾ, ‘ಅತ್ತೆ, ಇನ್ನು ಮಳೆಗಾಲದಲ್ಲಿ ಇವನನ್ನ ಇಲ್ಲಿಗೆ ಕರ್ಕೊಂಡು ಬರೋದು ಬೇಡ’ ಎಂದಳು. ಅಷ್ಟೇ. ಆ ಮಾತು ಅಕ್ಕನಿಗೆ ಎಷ್ಟು ನಾಟಿತೆಂದರೆ, ಅವರು ಬಸ್ಸು ಹತ್ತಿದ ಸಂಜೆಯೇ ನನಗೆ ಫೋನು. ‘ನೀನು ಪೇಪರಿಗೆ ಏನೇನೋ ಬರೀತೀಯಲ್ಲೇ. ಇದಕ್ಕೊಂದು ದಾರಿ ಹೇಳು, ಬಂದು.’

ಹೋದೆ. ಹೋಗುವ ಮುಂಚೆ ನೊಣದ ಬಗ್ಗೆ ಒಂದಿಷ್ಟು ಓದಿಕೊಂಡೆ. ಓದಿದ ಮೇಲೆ ಮೊದಲು ಅನ್ನಿಸಿದ್ದು, ನಾವು ಇಷ್ಟು ದಿನ ಜಗಳವಾಡಿದ್ದು ತಪ್ಪು ಜಾಗದಲ್ಲಿ ಎಂದು.

ಮನೆನೊಣಕ್ಕೆ ಅಗಿಯುವ ಬಾಯಿಲ್ಲ. ಗಟ್ಟಿ ಪದಾರ್ಥದ ಮೇಲೆ ಕೂತರೆ ಜೊಲ್ಲು ಉಗುಳಿ, ಹೊಟ್ಟೆಯಲ್ಲಿದ್ದದ್ದನ್ನೂ ಒಂದಿಷ್ಟು ಕಕ್ಕಿ, ಕರಗಿಸಿಕೊಂಡು ಹೀರುತ್ತದೆ. ರುಚಿ ನೋಡುವುದು ಕಾಲಿನಿಂದಲೂ ಹೌದು. ಆ ಕಾಲು ಹಿಂದಿನ ಕ್ಷಣ ಎಲ್ಲಿತ್ತು ಎಂಬುದು ನಮ್ಮ ಅದೃಷ್ಟಕ್ಕೆ ಬಿಟ್ಟದ್ದು. ರಕ್ತಭೇದಿ ತರುವ ಶಿಗೆಲ್ಲಾ ಎಂಬ ರೋಗಾಣು ಹತ್ತರಿಂದ ನೂರರಷ್ಟು ಹೊಟ್ಟೆಗೆ ಹೋದರೂ ರೋಗ ತರಬಲ್ಲದು. ನೊಣದ ಕಾಲಿಗೆ ಅದು ದೊಡ್ಡ ಹೊರೆಯಲ್ಲ. ಇಸ್ರೇಲಿನ ಸೇನೆಯ ಶಿಬಿರಗಳಲ್ಲಿ ನೊಣ ಹಿಡಿಯುವ ಬೋನುಗಳನ್ನಿಟ್ಟು ನೋಡಿದಾಗ ಭೇದಿಯ ಕಾಯಿಲೆ ಗಣನೀಯವಾಗಿ ಕಡಿಮೆಯಾಯಿತೆಂದು 1991ರಲ್ಲಿ ಪ್ರಕಟವಾದ ವರದಿಯೊಂದು ಹೇಳುತ್ತದೆ. ಪುಟ್ಟನಿಗೆ ಕಾಯಿಲೆ ತಂದದ್ದು ನೊಣವೇ ಎಂದು ಕೋರ್ಟಿನಲ್ಲಿ ಸಾಬೀತು ಮಾಡಲು ಆಗುವುದಿಲ್ಲ. ಅನುಮಾನಕ್ಕಂತೂ ಸಾಕಷ್ಟು ಜಾಗವಿದೆ.

ಇನ್ನು ಅದರ ಸಂಸಾರ. ಹೆಣ್ಣುನೊಣ ಒಂದು ಸಲಕ್ಕೆ ನೂರು ನೂರೈವತ್ತು ಮೊಟ್ಟೆ ಇಡುತ್ತದೆ. ಬದುಕಿರುವ ಎರಡು ಮೂರು ವಾರದಲ್ಲಿ ಹೀಗೆ ನಾಲ್ಕೈದು ಸಲ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹುಳು ನಾಲ್ಕೈದು ದಿನ ತೇವದ ಸಗಣಿಯಲ್ಲೋ ಕೊಳೆಯಲ್ಲೋ ಮೇಯುತ್ತದೆ. ಆಮೇಲೆ ಒಣ ಜಾಗ ಹುಡುಕಿ ಹರಿದು ಹೋಗಿ, ಸಡಿಲ ಮಣ್ಣಿನಲ್ಲಿ ಕಂದು ಬಣ್ಣದ ಕೋಶವಾಗಿ ಮಲಗುತ್ತದೆ. ಮತ್ತೆ ನಾಲ್ಕೈದು ದಿನಕ್ಕೆ ಹೊಸ ನೊಣ. ಅಂದರೆ, ಇಂದು ನೀವು ಅಡುಗೆಮನೆಯಲ್ಲಿ ನೂರು ನೊಣ ಹೊಡೆದು ಸುಸ್ತಾಗಿ ಕೂತರೆ, ಇನ್ನು ಹತ್ತು ದಿನಕ್ಕೆ ಅದರ ಹಲವು ಪಟ್ಟು ಹಿತ್ತಿಲಲ್ಲಿ ಸಿದ್ಧವಾಗುತ್ತಿರುತ್ತವೆ.

ವಿಷವೂ ಈ ಲೆಕ್ಕದ ಮುಂದೆ ಸೋತಿದೆ. ಡಿಡಿಟಿಯ ಕೀಟನಾಶಕ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಹುಮಾನ ಬಂತು. ಬಹುಮಾನ ಬರುವ ಹೊತ್ತಿಗಾಗಲೇ ಯುರೋಪಿನ ಕೆಲವು ಕಡೆ ಮನೆನೊಣಗಳು ಡಿಡಿಟಿಯನ್ನು ಲೆಕ್ಕಿಸದಷ್ಟು ಪಳಗಿದ್ದವು. 1958ರಲ್ಲಿ ಚೀನಾ ದೇಶ ನೊಣ, ಸೊಳ್ಳೆ, ಇಲಿ, ಗುಬ್ಬಚ್ಚಿ ಈ ನಾಲ್ಕನ್ನೂ ಮುಗಿಸುತ್ತೇವೆಂದು ಹೊರಟಿತು. ಗುಬ್ಬಚ್ಚಿಗಳು ಸತ್ತವು, ಪೈರಿಗೆ ಕೀಟಗಳು ಬಿದ್ದವು. ನೊಣ ಇಂದಿಗೂ ಇದೆ.

ಹಾಗಾಗಿ ಅಕ್ಕನ ಮನೆಗೆ ಹೋದವಳು ನೊಣ ನೋಡಲಿಲ್ಲ, ಹುಳು ಹುಡುಕಿದೆ. ಕೈಯಲ್ಲಿ ಒಂದು ಕೋಲು, ಹಿಂದೆ ಭಾವ. ‘ಗೊಬ್ಬರಗುಂಡಿ ವಿಷಯ ಎತ್ತಬೇಡ ಮತ್ತೆ. ನನ್ನ ಅಪ್ಪನ ಕಾಲದಿಂದ ಅಲ್ಲೇ ಇದೆ’ ಎಂದು ಮೊದಲೇ ಹೇಳಿದರು. ‘ಎತ್ತಲ್ಲ ಭಾವ, ಕೆದಕಿ ನೋಡ್ತೀನಿ ಅಷ್ಟೇ’ ಎಂದೆ.

ಗುಂಡಿಯ ನಡುಭಾಗ ಬಿಸಿಯಾಗಿತ್ತು, ಅಲ್ಲಿ ಹುಳು ಇರಲಿಲ್ಲ. ಗೊಬ್ಬರ ಸರಿಯಾಗಿ ಕಳಿಯುವಾಗ ಒಳಗೆ 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಹುಟ್ಟುತ್ತದೆ, ಅಲ್ಲಿ ಹುಳು ಬದುಕುವುದಿಲ್ಲ. ಆದರೆ ಮೇಲಿನ ಒಂದು ಗೇಣು ಹಸಿ ಸಗಣಿಯಲ್ಲಿ, ಅಂಚಿನಲ್ಲಿ, ಅಕ್ಕಿ ಚೆಲ್ಲಿದ ಹಾಗೆ ಹುಳು. ಭಾವ ಸುಮ್ಮನಾದರು.

ಅವರ ಮುಖ ನೋಡಿ ಅಕ್ಕ ‘ನಾನು ಹೇಳ್ಲಿಲ್ವಾ?’ ಎಂದಳು. ಆಕೆಯ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಅಡುಗೆಮನೆಯ ಹಿಂದಿನ ಬಾಳೆಬುಡದಲ್ಲಿ, ಹಪ್ಪಳಕ್ಕೆ ತೊಳೆ ಬಿಡಿಸಿ ಎಸೆದ ಹಲಸಿನ ಸಿಪ್ಪೆಯ ರಾಶಿ ಇತ್ತು. ಕೋಲಿನಿಂದ ಎತ್ತಿದರೆ ಕೆಳಗೆ ಇಡೀ ರಾಶಿ ಮಿಸುಕಾಡುತ್ತಿತ್ತು. ಕರುವಿನ ಕಟ್ಟೆಯಲ್ಲಿ ಗಂಜಲ ನೆನೆದ ಹಾಸು ಸೊಪ್ಪನ್ನು ವಾರದಿಂದ ತೆಗೆದಿರಲಿಲ್ಲ. ಅಲ್ಲೂ ಹುಳು.

ಇನ್ನೂ ಒಂದು ಉಳಿದಿತ್ತು. ಹಿತ್ತಿಲ ಬೇಲಿಯ ಹತ್ತಿರ ಒಂದು ಅಗಲವಾದ ತೆರೆದ ಗುಂಡಿ, ಅದರಲ್ಲಿ ಮಗುವಿನ ಬಳಸಿದ ಡೈಪರುಗಳು. ಅಕ್ಕನೇ ತೋರಿಸಿಕೊಟ್ಟ ಜಾಗ, ಸೊಸೆ ಹಾಕಿದ ಡೈಪರು. ಅದರ ಪಕ್ಕದಲ್ಲೇ ಕಕ್ಕಸಿನ ಗುಂಡಿ, ಅದರ ಗಾಳಿಕೊಳವೆಯ ಬಾಯಿಗೆ ಕಟ್ಟಿದ್ದ ಬಲೆ ಹರಿದು ಎಷ್ಟು ದಿನವಾಗಿತ್ತೋ. ನಾನು ಅಲ್ಲೇ ನಿಂತುಬಿಟ್ಟೆ. ನೊಣ ದನದ ಸಗಣಿಯಲ್ಲಿ ಹುಟ್ಟಬಹುದು, ಹಲಸಿನ ಸಿಪ್ಪೆಯಲ್ಲಿ ಹುಟ್ಟಬಹುದು. ಆದರೆ ರಕ್ತಭೇದಿಯ ರೋಗಾಣು ಅದಕ್ಕೆ ಸಿಗುವುದು ಮನುಷ್ಯರ ಮಲದಿಂದ. ಎರಡಕ್ಕೂ ನಡುವೆ ಮೂವತ್ತು ಹೆಜ್ಜೆ, ಎರಡರಿಂದಲೂ ಅಡುಗೆಮನೆಗೆ ಇನ್ನೊಂದು ಮೂವತ್ತು ಹೆಜ್ಜೆ. ಮನೆಯಲ್ಲಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು. ನೋಡಿದರೆ ಪ್ರತಿಯೊಬ್ಬರದೂ ಒಂದೊಂದು ಪಾಲಿತ್ತು.

ಮಾಡಿದ ಕೆಲಸ ಹೀಗೆ. ಡೈಪರಿನ ಗುಂಡಿಗೆ ಮೊದಲು ಸುಣ್ಣ ಹಾಕಿ, ಮೇಲೆ ಎರಡು ಅಡಿ ಮಣ್ಣು ತುಂಬಿ ಗಟ್ಟಿಯಾಗಿ ತುಳಿದೆವು. ಬಾವಿ ಮೇಲಿನ ದಿಣ್ಣೆಯಲ್ಲಿ, ದೂರ ಇದ್ದದ್ದರಿಂದ ಸರಿಹೋಯಿತು. ಗಾಳಿಕೊಳವೆಗೆ ತುಕ್ಕು ಹಿಡಿಯದ ಹೊಸ ಬಲೆ ಕಟ್ಟಿದೆವು. ಹಲಸಿನ ಸಿಪ್ಪೆಯನ್ನು ಇನ್ನು ಮೇಲೆ ಅಂದಂದೇ ಕೊಚ್ಚಿ ದನಕ್ಕೆ ಹಾಕುವುದು, ಉಳಿದದ್ದನ್ನು ಅಂದೇ ಮಣ್ಣಿನಲ್ಲಿ ಮುಚ್ಚುವುದು ಎಂದಾಯಿತು. ಕರುವಿನ ಕಟ್ಟೆಯ ಹಾಸನ್ನು ದಿನಾ ತೆಗೆಯಬೇಕು.

ಗೊಬ್ಬರಗುಂಡಿಯನ್ನು ಜರುಗಿಸಲಿಲ್ಲ. ಭಾವನ ಮಾತು ಉಳಿಯಿತು. ಆದರೆ ವಾರಕ್ಕೆರಡು ಸಲ ಮೇಲಿನ ಪದರವನ್ನು ಮಗುಚಿ ಬಿಸಿಯ ಒಳಕ್ಕೆ ತಳ್ಳಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಎಳೆದು ಅಂಚಿಗೆ ಕಲ್ಲು ಹೇರುವುದು. ಶಾಖ ಒಳಗೇ ಉಳಿಯುತ್ತದೆ, ಮೊಟ್ಟೆ ಇಡಲು ನೊಣಕ್ಕೆ ಜಾಗ ಸಿಗುವುದಿಲ್ಲ. ಮಳೆನೀರು ಬೀಳದ್ದರಿಂದ ಗೊಬ್ಬರದ ಸಾರವೂ ಕೊಚ್ಚಿ ಹೋಗುವುದಿಲ್ಲ. ಈ ಕೊನೆಯ ಮಾತು ಭಾವನಿಗೆ ಬಹಳ ಹಿಡಿಸಿತು. ವಾರಕ್ಕೆರಡು ಸಲ ಎಂಬುದು ಸುಮ್ಮನೆ ಹೇಳಿದ್ದಲ್ಲ. ಹುಳು ಕೋಶವಾಗಲು ಐದಾರು ದಿನ ಬೇಕು. ಅದಕ್ಕೆ ಮುಂಚೆ ನಮ್ಮ ಗುದ್ದಲಿ ಬೀಳಬೇಕು, ಅಷ್ಟೇ ಗುಟ್ಟು.

ಅಡುಗೆ ಗ್ಯಾಸಿನ ಸಿಲಿಂಡರು ಬಂದ ಮೇಲೆ ಪಾಳು ಬಿದ್ದಿದ್ದ ಗೋಬರ್ ಗ್ಯಾಸಿನ ಗುಂಡಿಯನ್ನೂ ಭಾವ ಆ ಹುರುಪಿನಲ್ಲೇ ಶುಚಿ ಮಾಡಿಸಿದರು. ಹಸಿ ಸಗಣಿ ಬೆಳಗ್ಗೆಯೇ ನೀರಿನಲ್ಲಿ ಕಲಸಿ ಒಳಗೆ ಹೋದರೆ ನೊಣಕ್ಕೆ ಏನೂ ಉಳಿಯುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಪಾಳು ಗುಂಡಿ ಇದ್ದರೆ ಯೋಚಿಸಿ. ಆದರೆ ಒಳಗಿನ ಗಾಳಿ ಪ್ರಾಣಕ್ಕೆ ಅಪಾಯ. ತಿಳಿದವರನ್ನು ಕರೆಸಿಯೇ ಮಾಡಿಸಬೇಕು, ಯಾರನ್ನೂ ಸುಮ್ಮನೆ ಇಳಿಸಬಾರದು.

ಇಷ್ಟಾದರೂ ಆಗಲೇ ಹರಿದು ಹೋಗಿ ಸುತ್ತಲ ಸಡಿಲ ಮಣ್ಣಿನಲ್ಲಿ ಮಲಗಿದ್ದ ಕೋಶಗಳು ಉಳಿದವು. ಅದಕ್ಕೇನು ಮಾಡುವುದು? ನಾನು ಬಾಯಿ ಬಿಡುವ ಮುಂಚೆಯೇ ಭಾವ ಪಕ್ಕದ ಮನೆಯ ಕಡೆ ನೋಡಿದರು. ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡು ನಿಂತು, ಆಮೇಲೆ ಬೇಲಿಯ ಹತ್ತಿರ ಹೋಗಿ ‘ಏನಮ್ಮಾ, ನಿನ್ನ ಕೋಳಿಗಳನ್ನ ಒಂದೆರಡು ದಿನ ಈ ಕಡೆ ಬಿಡ್ತೀಯಾ?’ ಎಂದರು. ಆಕೆ ಅವರನ್ನು ಕಣ್ಣೆತ್ತಿ ನೋಡಿದಳು. ‘ವಿಷ ಇಲ್ಲಮ್ಮ, ನಮ್ಮ ಪುಟ್ಟನಾಣೆ’ ಎಂದರು. ಅಪ್ಪನ ಕಾಲದಿಂದ ಆ ಕೋಳಿಗಳನ್ನು ಕಲ್ಲು ಬೀರಿ ಓಡಿಸುತ್ತಿದ್ದ ಮನೆ ಅದು.

ಮರುದಿನ ಬೆಳಗ್ಗೆ ಏಳೆಂಟು ಕೋಳಿ ಗೊಬ್ಬರಗುಂಡಿಯ ಸುತ್ತ ಮಣ್ಣು ಕೆದರುತ್ತಿದ್ದವು. ಭಾವ ಜಗುಲಿಯಲ್ಲಿ ಕೂತು, ಕೆಲಸದವರ ಮೇಲೆ ಕಣ್ಣಿಟ್ಟ ಯಜಮಾನನ ಹಾಗೆ ಅವನ್ನೇ ನೋಡುತ್ತಿದ್ದರು.

ನೊಣ ಎಷ್ಟಿದೆ ಎಂದು ತಿಳಿಯಲು ಆರೋಗ್ಯ ಇಲಾಖೆಗಳಲ್ಲಿ ಒಂದು ಕ್ರಮವಿದೆ. ಮರದ ಪಟ್ಟಿಗಳ ಜಾಲರಿಯೊಂದನ್ನು ನೆಲದ ಮೇಲಿಟ್ಟು, ಅರ್ಧ ನಿಮಿಷದಲ್ಲಿ ಅದರ ಮೇಲೆ ಎಷ್ಟು ನೊಣ ಕೂರುತ್ತವೆ ಎಂದು ಎಣಿಸುತ್ತಾರೆ. ನಾವು ಮೊರ ಇಟ್ಟು ಎಣಿಸಿದೆವು. ಮೊದಲ ದಿನ ಲೆಕ್ಕ ತಪ್ಪಿತು. ಮೊದಲ ವಾರ ಮುಗಿದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಆಗಲೇ ಹಾರುತ್ತಿದ್ದವು ತಮ್ಮ ಆಯುಸ್ಸು ಮುಗಿಸಬೇಕಲ್ಲ. ಅಕ್ಕ ಬೇಸರಪಟ್ಟುಕೊಂಡಳು. ಇಲ್ಲೇ ಬಹಳ ಮಂದಿ ಕೈಬಿಟ್ಟು ಮತ್ತೆ ವಿಷದ ಅಂಗಡಿಗೆ ಹೋಗುವುದು. ಮೂರನೆಯ ವಾರ ಅಕ್ಕ ಫೋನು ಮಾಡಿ, ಮೊರದ ಮೇಲೆ ಕೂತವನ್ನು ಕೈಬೆರಳಲ್ಲಿ ಎಣಿಸಿದೆ ಎಂದಳು. ಪೂರ್ತಿ ಹೋಗಿವೆ ಎಂದು ನಾನು ಹೇಳುವುದಿಲ್ಲ. ದನ ಇರುವ ಮನೆಯಲ್ಲಿ ನಾಲ್ಕು ನೊಣ ಇದ್ದೇ ಇರುತ್ತವೆ. ಅದಕ್ಕೆ ಅನ್ನದ ಮೇಲೆ ಬುಟ್ಟಿ, ಕಿಟಕಿಗೆ ಬಲೆ, ಊಟದ ಹೊತ್ತಿಗೆ ಫ್ಯಾನು ಸಾಕು. ಗಾಳಿ ಜೋರಿದ್ದಲ್ಲಿ ನೊಣ ಕೂರಲಾರದು.

ಈ ವರ್ಷ ಮೊದಲ ಮಳೆ ಬಿದ್ದ ವಾರ ಭಾವನೇ ಸೊಸೆಗೆ ಫೋನು ಮಾಡಿದರಂತೆ. ಬಾ ಎಂದು ಕರೆಯಲಿಲ್ಲ. ಪ್ಲಾಸ್ಟಿಕ್ ಹಾಳೆ, ಕೋಳಿ, ಗಾಳಿಕೊಳವೆಯ ಬಲೆ ಎಲ್ಲದರ ವರದಿ ಒಪ್ಪಿಸಿದರು. ಡೈಪರಿಗೆ ಮುಚ್ಚಳದ ಡಬ್ಬಿ ತಂದಿಟ್ಟದ್ದನ್ನೂ ಹೇಳಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ‘ಮಾವ, ಶನಿವಾರದ ರೈಲಿಗೆ ಟಿಕೆಟ್ ಮಾಡಿಸ್ತೀವಿ’ ಎಂದಳು.

ಮೊನ್ನೆ ನಾನೂ ಹೋಗಿದ್ದೆ. ಪುಟ್ಟ ಜಗುಲಿಯ ಅಂಚಿನಲ್ಲಿ ಕೂತು, ಹಲಸಿನ ತೊಳೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಮುಖವೆಲ್ಲ ಅಂಟು ಮಾಡಿಕೊಂಡು ತಿನ್ನುತ್ತಿದ್ದ. ಪಕ್ಕದಲ್ಲಿ ಭಾವ, ಕೈಯಲ್ಲೊಂದು ಬೀಸಣಿಗೆ. ‘ಏನು ಭಾವ, ಕೆಲಸ ಇಲ್ವಾ?’ ಎಂದೆ.

‘ಕಾಣ್ತಾ ಇಲ್ವಾ?’ ಎಂದರು. ‘ನೊಣ ಹೊಡೀತಾ ಇದೀನಿ.’