ಹೃದಯದ ಒಲೆಗೆ ಯಾವ ಸೌದೆ?



ಯಾರಾದರೂ ಸುಸ್ತು ಅಂದರೆ ಸಾಕು, ಗ್ಲೂಕೋಸು ಕಲಸಿ ಕೊಟ್ಟು “ಕುಡೀರಿ, ಎದೆಗೆ ಬಲ ಬರುತ್ತೆ” ಅಂತೀವಿ. ನಿಜವಾಗಿ ಹೃದಯಕ್ಕೆ ಬಲ ಬರುವುದು ಯಾವುದರಿಂದ? ಈ ಸಲ ಅದನ್ನು ನೋಡೋಣ.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ರುಬ್ಬುವಾಗ ತೋಳು ಸೋತರೆ ನಾವು ಸುಧಾರಿಸಿಕೊಳ್ಳುತ್ತೇವೆ, ಅದಕ್ಕೆ ಆ ಭಾಗ್ಯವಿಲ್ಲ. ಅದರ ಸ್ನಾಯು ಕುಗ್ಗುವುದು ಎಟಿಪಿ ಎಂಬ ವಸ್ತುವಿನ ಶಕ್ತಿಯಿಂದ. ಇದರ ದಾಸ್ತಾನು ಕೆಲವು ಸೆಕೆಂಡುಗಳಿಗಷ್ಟೇ ಸಾಲುತ್ತದೆ. ಹಾಗಾಗಿ ಸದಾ ಹೊಸದಾಗಿ ತಯಾರಾಗುತ್ತಿರಬೇಕು. ಇನ್ನೊಂದು ವಿಷಯ ನೋಡಿ: ಕುಗ್ಗುವುದಕ್ಕೆ ಮಾತ್ರವಲ್ಲ, ಮತ್ತೆ ಸಡಿಲವಾಗಿ ರಕ್ತ ತುಂಬಿಕೊಳ್ಳುವುದಕ್ಕೂ ಇದೇ ಶಕ್ತಿ ಬೇಕು.

ಸೌದೆ ಒಲೆಗೆ ಸೌದೆಯೂ ಆದೀತು, ಬೆರಣಿಯೂ ಆದೀತು, ತೆಂಗಿನ ಗರಿಯೂ ಆದೀತು. ಹೃದಯವೂ ಹಾಗೆಯೇ. ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಅದು ಕೊಬ್ಬಿನಿಂದ ಪಡೆಯುತ್ತದೆ. ಜೊತೆಗೆ ಸಕ್ಕರೆ ಅಂಶವನ್ನೂ, ಮೈ ದುಡಿದಾಗ ಹುಟ್ಟುವ ಲ್ಯಾಕ್ಟೇಟನ್ನೂ, ಉಪವಾಸವಿದ್ದಾಗ ಕೀಟೋನುಗಳನ್ನೂ ಉರಿಸಿಕೊಳ್ಳುತ್ತದೆ. ಹಾಗಂತ ಅನ್ನಕ್ಕೆ ತುಪ್ಪ ಸುರಿಯಬೇಡಿ! ದಿನದ ಊಟ ಮಾಡುವವರ ಮೈಯಲ್ಲಿ ಈ ಸೌದೆಗೆ ಬರವಿಲ್ಲ.

ಬರ ಬರುವುದು ಗಾಳಿಗೆ. ಊದುಗೊಳವೆ ಕಟ್ಟಿಕೊಂಡರೆ ಎಷ್ಟು ಸೌದೆ ತುರುಕಿದರೂ ಹೊಗೆಯೇ ತಾನೆ? ಹೃದಯಕ್ಕೆ ಆಮ್ಲಜನಕ ತರುವುದು ಕರೋನರಿ ರಕ್ತನಾಳಗಳು. ಸುಮ್ಮನೆ ಕೂತಾಗಲೇ ಹೃದಯವು ಆ ರಕ್ತದ ಆಮ್ಲಜನಕದಲ್ಲಿ ಶೇಕಡಾ 70ರಷ್ಟನ್ನು ಹೀರಿಕೊಂಡಿರುತ್ತದೆ. ಕೆಲಸ ಹೆಚ್ಚಿದರೆ ಹೆಚ್ಚು ರಕ್ತವೇ ಹರಿದು ಬರಬೇಕು. ನಾಳ ಕಿರಿದಾಗಿದ್ದರೆ ಬರುವುದೆಲ್ಲಿಂದ? ಆಗ ಎಟಿಪಿ ಸಾಲದೆ ಸ್ನಾಯು ಸೋಲುತ್ತದೆ. ಗ್ಲೂಕೋಸು ಕುಡಿದರೆ ನಾಳ ಬಿಡಿಸಿಕೊಳ್ಳುವುದಿಲ್ಲ. ನಮ್ಮ ಹೆಂಗಸರಲ್ಲಿ ಸಾಮಾನ್ಯವಾದ ರಕ್ತಹೀನತೆಯಲ್ಲಿ ರಕ್ತ ಹೊತ್ತು ತರುವ ಆಮ್ಲಜನಕವೇ ಕಡಿಮೆ. ಅದನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಮೆಟ್ಟಿಲು ಹತ್ತುವಾಗ, ಕೊಡ ಎತ್ತುವಾಗ ಎದೆ ಬಿಗಿದಂತಾಗಿ, ಕೂತರೆ ಕಡಿಮೆಯಾಗುತ್ತದೆಯೇ? ಬೇಗ ವೈದ್ಯರಿಗೆ ತೋರಿಸಿ. ಹೆಂಗಸರಲ್ಲಿ ಎದೆನೋವೇ ಬರಬೇಕೆಂದಿಲ್ಲ. ದವಡೆ, ಬೆನ್ನು, ತೋಳಿನ ನೋವು, ಏದುಸಿರು, ವಾಕರಿಕೆ, ಎಂದೂ ಇಲ್ಲದ ಸುಸ್ತು ಕೂಡ ಹೃದಯದ ಕೂಗಾಗಿರಬಹುದು. ಕೂತರೂ ಹೋಗದಿದ್ದರೆ, ತಣ್ಣನೆ ಬೆವರು ಬಂದರೆ, ಗ್ಯಾಸು ಅಂತ ಓಮದ ಕಷಾಯ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿಸಿ, ಇಸಿಜಿ ತೆಗೆಸಿ.

“ಎಲ್ಲರ ಊಟ ಆಗಲಿ, ಆಮೇಲೆ ನೋಡೋಣ” ಅನ್ನುವ ನಮ್ಮ ಅಭ್ಯಾಸ ಈ ಒಂದು ವಿಷಯದಲ್ಲಿ ಖಂಡಿತ ಬೇಡ. ಅಡುಗೆ ಕಾದೀತು, ಹೃದಯ ಕಾಯುವುದಿಲ್ಲ.