ತೂಕವಿರುವುದು ಎಲ್ಲಿ?

ಅಮೆರಿಕದ ಫ್ಲೋರಿಡಾ ಪ್ರಾಂತದಲ್ಲಿ ನೆಲೆಸಿರುವ ನನ್ನ ಸೋದರಳಿಯನು ಒಂದು ಭಾನುವಾರ ಬೆಳಗ್ಗೆ ದೂರವಾಣಿಯಲ್ಲಿ ಸಂಭ್ರಮದಿಂದ ಮಾತನಾಡಿದನು.

“ಮಾವ, ಒಂದು ಮೀನುದೋಣಿ ಕೊಳ್ಳುತ್ತಿದ್ದೇನೆ. ಹಳೆಯದು, ಆದರೆ ಇಂಜಿನ್ ಮಾತ್ರ ಹೊಚ್ಚ ಹೊಸದು. ಚಳಿಗಾಲಕ್ಕೆ ಅಪ್ಪ ಅಮ್ಮ ಇಲ್ಲಿಗೆ ಬರುತ್ತಾರಲ್ಲ, ಅಪ್ಪನನ್ನು ಅದರಲ್ಲಿ ಕರೆದುಕೊಂಡು ಹೋಗಬೇಕು.”

ಅಕ್ಕನಿಗೆ ಈ ಸುದ್ದಿ ರುಚಿಸಿರಲಿಲ್ಲ. ಅಲ್ಲಿಯವರು ಆ ಮೀನನ್ನು ಹಿಡಿದು, ಮುದ್ದಾಡಿ, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡುತ್ತಾರಂತೆ. “ಬಿಡುವುದಕ್ಕಾಗಿ ಹಿಡಿಯುವುದೇಕೆ?” ಎಂಬುದು ಅವಳ ಪ್ರಶ್ನೆ. ನನ್ನ ಚಿಂತೆ ಬೇರೆ. ನಮ್ಮ ಭಾವನವರಿಗೆ 68 ವರ್ಷ, 92 ಕಿಲೋ ತೂಕ, ಈಜು ಬಾರದು. ಅಳಿಯನು ಹೆಮ್ಮೆಯಿಂದ ಹೇಳಿದ ಆ ‘ಹೊಚ್ಚ ಹೊಸ ಇಂಜಿನ್’ ಎಂಬ ಮಾತೇ ನನ್ನ ಎದೆಯಲ್ಲಿ ಮುಳ್ಳಿನಂತೆ ನಾಟಿತು.

ಹೊಸ ಇಂಜಿನ್ ಒಳ್ಳೆಯದಲ್ಲವೇ ಎಂದು ವಾಚಕರು ಕೇಳಬಹುದು. ಅದನ್ನು ಹೇಳುವುದಕ್ಕೆ ಮೊದಲು ಆ ದೋಣಿಯ ಸ್ವರೂಪವನ್ನು ಕೊಂಚ ತಿಳಿಯಬೇಕು.

ಫ್ಲೋರಿಡಾದ ದಕ್ಷಿಣ ತುದಿಗೂ ಅದರ ಕೆಳಗೆ ಸರಪಳಿಯಂತೆ ಹಬ್ಬಿರುವ ದ್ವೀಪಗಳಿಗೂ ನಡುವೆ ಫ್ಲೋರಿಡಾ ಕೊಲ್ಲಿಯಿದೆ. ಅದರ ಬಹುಭಾಗ 1947ರಲ್ಲಿ ಉದ್ಘಾಟಿತವಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಹೆಸರಿಗೆ ಕೊಲ್ಲಿ, ಆದರೆ ಎಷ್ಟೋ ಕಡೆ ನೀರು ಮೊಣಕಾಲು ಮುಟ್ಟುವುದಿಲ್ಲ. ತಳದಲ್ಲಿ ಹುಲ್ಲುಗಾವಲಿನಂತೆ ಕಡಲ ಹುಲ್ಲು ಬೆಳೆದಿರುತ್ತದೆ. ಇಂಜಿನ್ನಿನ ಪಂಖವು ಅದನ್ನು ಒಮ್ಮೆ ಸೀಳಿತೆಂದರೆ ಆ ಗಾಯ ಮಾಯಲು ವರ್ಷಗಳೇ ಹಿಡಿಯುತ್ತವೆ. ಆದುದರಿಂದ ಇಂತಹ ತೆಳುನೀರಿನಲ್ಲಿ ಇಂಜಿನ್ ಎತ್ತಿಟ್ಟು, ಒಬ್ಬನು ಹಿಂಬದಿಯ ಎತ್ತರದ ಅಟ್ಟಣೆಯ ಮೇಲೆ ನಿಂತು, ಉದ್ದನೆಯ ಗಳವನ್ನು ನೆಲಕ್ಕೂರಿ ದೋಣಿಯನ್ನು ನೂಕುತ್ತಾನೆ. ಇನ್ನೊಬ್ಬನು ಮುಂತುದಿಯಲ್ಲಿ ಗಾಳ ಹಿಡಿದು ನಿಲ್ಲುತ್ತಾನೆ. ಇದಕ್ಕೆಂದೇ ಕಟ್ಟಿದ, ತಳ ಚಪ್ಪಟೆಯಾದ, ಅಂಚು ತಗ್ಗಾದ ಹಗುರ ದೋಣಿಯೇ ‘ಸ್ಕಿಫ್’.

ಇಲ್ಲಿ ನನ್ನ ಬಾಲ್ಯದ ಮಾತೊಂದನ್ನು ಹೇಳಬೇಕು. ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಹೊಳೆದಂಡೆಯಲ್ಲಿ. ಶಾಲೆಗೆ ಹೋಗಬೇಕಾದರೆ ಕಡವು ದಾಟಬೇಕಿತ್ತು. ನಮ್ಮ ಅಂಬಿಗನು ಯಾರನ್ನೂ ಅವರಿಗೆ ತೋಚಿದಲ್ಲಿ ಕೂರಲು ಬಿಡುತ್ತಿರಲಿಲ್ಲ. ಶ್ರೀಮಂತರಾದ ಶಾನುಭೋಗರನ್ನೂ “ಒಡೆಯರೇ, ನೀವು ನಡುವಿಗೆ” ಎನ್ನುತ್ತಿದ್ದನು. ಅಕ್ಕಿಮೂಟೆಯನ್ನೂ ಅದೇ ದೃಷ್ಟಿಯಿಂದ ನೋಡುತ್ತಿದ್ದನು. ಒಮ್ಮೆ ದಡ ಸಮೀಪಿಸಿದಾಗ ನಾವು ಏಳೆಂಟು ಹುಡುಗರು, ಮೊದಲು ಇಳಿಯುವ ಆತುರದಲ್ಲಿ, ಒಟ್ಟಿಗೆ ಮುಂದಕ್ಕೆ ನುಗ್ಗಿದೆವು. ಮುಂತುದಿ ತಲೆಬಾಗಿತು, ಅಂಚಿನ ಮೇಲಿಂದ ನೀರು ಸದ್ದಿಲ್ಲದೆ ಒಳಗೆ ಬಂದಿತು. ಆ ದೋಣಿ ಅದರ ಇಮ್ಮಡಿ ಭಾರವನ್ನು ಹೊತ್ತು ದಾಟಿದ್ದನ್ನು ನಾನೇ ಕಂಡಿದ್ದೆ. ಅಂದು ಭಾರ ಹೆಚ್ಚಾಗಿರಲಿಲ್ಲ, ಇರುವ ಭಾರ ಸ್ಥಳ ಬಿಟ್ಟಿತ್ತು, ಅಷ್ಟೆ. ನೀರು ಸೊಂಟದಷ್ಟೇ ಆಳವಿದ್ದುದರಿಂದ ಪುಸ್ತಕಗಳು ಮಾತ್ರ ಮುಳುಗಿದವು.

ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವಾಗ ಅಂಬಿಗನ ವಿದ್ಯೆಗೆ ಲೆಕ್ಕದ ಆಧಾರ ದೊರೆಯಿತು. ದೋಣಿಯು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಇದು ಆರ್ಕಿಮಿಡೀಸನ ನಿಯಮ. ಹದಿನಾರು ಅಡಿಯ ಒಂದು ಸ್ಕಿಫ್ ನೀರಿನ ಮಟ್ಟದಲ್ಲಿ ಆವರಿಸುವ ಹರವು ಸುಮಾರು 6 ಚದರ ಮೀಟರ್ ಎಂದುಕೊಳ್ಳೋಣ. ಅದನ್ನು ಒಂದು ಸೆಂಟಿಮೀಟರ್ ಕೆಳಗಿಳಿಸಬೇಕಾದರೆ ಸುಮಾರು 60 ಕಿಲೋ ಭಾರ ಬೇಕು. ಹಾಗಾದರೆ 30 ಕಿಲೋ ಹೆಚ್ಚಾದರೆ ಅರ್ಧ ಸೆಂಟಿಮೀಟರ್. ಇದೇನು ಮಹಾ ಎನ್ನಿಸುತ್ತದೆ. ಆದರೆ ಈ ಲೆಕ್ಕ ಭಾರವನ್ನು ನಟ್ಟನಡುವೆ ಇಟ್ಟಾಗ ಮಾತ್ರ ಸರಿ. ಅದೇ 30 ಕಿಲೋವನ್ನು ಹಿಂತುದಿಗೆ ತೂಗುಹಾಕಿದರೆ ದೋಣಿ ತಕ್ಕಡಿಯ ದಂಡಿಯಂತೆ ವಾಲಿ, ಹಿಂಬದಿ ಹೆಚ್ಚುಕಡಮೆ ಒಂದು ಅಂಗುಲ ಇಳಿಯುತ್ತದೆ, ಮುಂತುದಿ ಮೇಲೇಳುತ್ತದೆ. ಎಂಟು ಅಂಗುಲ ನೀರಿನಲ್ಲಿ ಓಡಾಡಬೇಕಾದ ದೋಣಿಗೆ ಒಂದಂಗುಲವೆಂದರೆ ಸಣ್ಣ ಮಾತಲ್ಲ. ಎದ್ದ ಮುಂಭಾಗದ ಅಡಿಗೆ ಕಿರುದೆರೆಗಳು ಬಡಿದು ‘ಟಪ್ ಟಪ್’ ಎಂದು ಸದ್ದಾಗುತ್ತದೆ, ಮೀನು ಓಡಿಹೋಗುತ್ತದೆ.

ಹೊಸ ಇಂಜಿನ್ನಿನ ರಹಸ್ಯ ಇಲ್ಲಿದೆ. ಅಳಿಯನು ನೋಡಿದ ದೋಣಿಯನ್ನು ಕಟ್ಟಿದಾಗ ಅದಕ್ಕೆ ಟೂ ಸ್ಟ್ರೋಕ್ ಇಂಜಿನ್ ಇತ್ತು. ಈಗ ಜೋಡಿಸಿರುವುದು ಅಷ್ಟೇ ಅಶ್ವಶಕ್ತಿಯ ಫೋರ್ ಸ್ಟ್ರೋಕ್. ಹೊಗೆ ಕಡಮೆ, ಸದ್ದು ಕಡಮೆ, ಎಣ್ಣೆ ಕಡಮೆ. ತೂಕ ಮಾತ್ರ, ಕೆಲವು ಮಾದರಿಗಳಲ್ಲಿ, 30 ಕಿಲೋಗೂ ಹೆಚ್ಚು. ಇಪ್ಪತ್ತು ಅಡಿಗಿಂತ ಚಿಕ್ಕದಾದ ಇಂಥ ಇಂಜಿನ್ ದೋಣಿಗಳಿಗೆ ಎಷ್ಟು ಭಾರ ಸಲ್ಲುತ್ತದೆಂಬ ಫಲಕವನ್ನು ಅಂಟಿಸಬೇಕೆಂದು ಅಲ್ಲಿ ಕಾಯಿದೆಯಿದೆ. ಹಿಂದೆ ತೂಗುವ ಇಂಜಿನ್ನಿನ ಭಾರವೂ ಆ ಫಲಕದ ಒಟ್ಟು ಅಂಕಿಯೊಳಗೇ ಅಡಕ. ಇಂಜಿನ್ ದಪ್ಪವಾದರೆ ಮನುಷ್ಯರ ಪಾಲು ಕರಗುತ್ತದೆ. ಭಾರ ಎಲ್ಲಿರಬೇಕೆಂಬುದನ್ನಂತೂ ಫಲಕವು ಹೇಳುವುದೇ ಇಲ್ಲ.

“ಅದಕ್ಕೆ ಟ್ರಿಮ್ ಟ್ಯಾಬ್ ಇವೆ ಮಾವ” ಎಂದನು ಅಳಿಯ. ಹಿಂಬದಿಯ ಕೆಳ ಅಂಚಿನಲ್ಲಿರುವ ಲೋಹದ ರೆಕ್ಕೆಗಳವು. ಗುಂಡಿ ಒತ್ತಿದರೆ ಬಾಗಿ, ದೋಣಿಯ ಹಿಂಬದಿಯನ್ನು ಎತ್ತುತ್ತವೆ. ನಿಜ, ಆದರೆ ಓಡುವ ನೀರು ಅವುಗಳನ್ನು ತಳ್ಳಿದಾಗ ಮಾತ್ರ. ದೋಣಿ ನಿಂತಾಗ, ಅಥವಾ ಗಳದಿಂದ ಮೆಲ್ಲನೆ ನೂಕುವಾಗ, ಅವು ಇದ್ದೂ ಇಲ್ಲದಂತೆ. ಆಗ ಕಾಪಾಡುವುದು ತೂಕದ ಹಂಚಿಕೆಯೊಂದೇ.

ನಾನು ಅವನಿಗೆ ಬರೆದು ಕಳುಹಿಸಿದ ಮಾತುಗಳನ್ನೇ ಇಲ್ಲಿ ಕೊಡುತ್ತೇನೆ.

ಮೊದಲನೆಯದಾಗಿ, ದೋಣಿಯ ಮೈಮೇಲಿನ ನೀರಿನ ಕಲೆಯನ್ನು ನೋಡು. ಅದು ಹಿಂದಕ್ಕೆ ಹೋದಂತೆ ಮೇಲೇರಿದ್ದರೆ, ದೋಣಿ ಬಹುಕಾಲದಿಂದ ಹಿಂದಕ್ಕೆ ಕುಸಿದು ತೇಲುತ್ತಿದೆಯೆಂದು ಅರ್ಥ. ಮಾರುವವನು ಮರೆಮಾಚಿದರೂ ಕಲೆ ಹೇಳಿಬಿಡುತ್ತದೆ.

ಎರಡನೆಯದಾಗಿ, ದೋಣಿಯನ್ನು ಟ್ರೈಲರ್ ಸಮೇತ ವೇಬ್ರಿಡ್ಜಿನಲ್ಲಿ ತೂಗಿಸು. ಟ್ರೈಲರ್, ಇಂಜಿನ್, ಪೆಟ್ರೋಲುಗಳ ಭಾರ ಕಳೆದ ಮೇಲೂ ತಯಾರಕರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಬಂದರೆ, ನೆಲಹಾಸಿನ ಕೆಳಗಿರುವ ನೊರೆಪದಾರ್ಥ ನೀರು ಕುಡಿದಿರಬಹುದು. ತೇಲಿಸಬೇಕಾದದ್ದೇ ಮುಳುಗಿಸುವ ಹೊರೆಯಾಗಿರುತ್ತದೆ.

ಮೂರನೆಯದಾಗಿ, ಬ್ಯಾಟರಿ, ಪೆಟ್ರೋಲು, ಮೀನೆರೆಯ ತೊಟ್ಟಿ ಇವು ಎಲ್ಲಿವೆಯೆಂದು ನೋಡು. ನೂರು ಲೀಟರ್ ತೊಟ್ಟಿಯಲ್ಲಿ ನೂರು ಕಿಲೋಗೂ ಮಿಕ್ಕ ನೀರಿರುತ್ತದೆ. ಅದು ಅರ್ಧ ತುಂಬಿದ್ದರೆ ಇನ್ನೂ ಮೋಸ. ದೋಣಿ ವಾಲಿದತ್ತಲೇ ನೀರೂ ಹರಿದು ವಾಲನ್ನು ಹೆಚ್ಚಿಸುತ್ತದೆ. ಬ್ಯಾಟರಿಯನ್ನು ಹಿಂದಿನಿಂದ ನಡುವಿಗೆ ತರುವುದು ಸುಲಭ, ಇಂಜಿನ್ನನ್ನು ತರಲಾಗದು. ಮುಂದಕ್ಕೆ ಅತಿಯಾಗಿ ತಂದರೂ ತಪ್ಪೇ: ಮುಂತುದಿ ಅಗೆದು, ದೋಣಿ ಹೇಳಿದ ದಾರಿ ಹಿಡಿಯದು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ದೋಣಿಯನ್ನು ಅಂಗಳದಲ್ಲಿ ನೋಡಿ ಕೊಳ್ಳಬೇಡ. ಪೆಟ್ರೋಲು ತುಂಬಿಸಿ, ಶಾಂತವಾದ ನೀರಿಗೆ ಇಳಿಸಿ, ಒಬ್ಬನನ್ನು ಅಟ್ಟಣೆಯ ಮೇಲೆ ನಿಲ್ಲಿಸು. ಅಪ್ಪನಷ್ಟು ತೂಕದ ಒಬ್ಬನನ್ನು ಒಳಗೆ ಕೂರಿಸು. ಅಟ್ಟದ ಮೇಲೆ ಒಂದು ಚೊಂಬು ನೀರು ಸುರಿದು, ಅದು ಯಾವ ಕಡೆಗೆ ಹರಿಯುತ್ತದೆಂದು ನೋಡು. ಹಿಂಬದಿಯಲ್ಲಿ ನೀರು ಹೊರಹೋಗುವ ರಂಧ್ರಗಳಿರುತ್ತವೆ. ಅವು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿವೆಯೇ?

ಮುಂದಿನ ಶನಿವಾರ ಅಳಿಯನು ಇಬ್ಬರು ಗೆಳೆಯರೊಡನೆ ಹೋಗಿ ಇದನ್ನೆಲ್ಲ ಮಾಡಿದನು. ಗೆಳೆಯನು ಅಟ್ಟಣೆಯೇರಿದ ಕ್ಷಣವೇ ರಂಧ್ರಗಳು ಮುಳುಗಿದವು. ಸುರಿದ ಚೊಂಬು ನೀರು ಹೊರಹೋಗುವ ಬದಲು, ಹೊರಗಿನ ನೀರೇ ಒಳಬಂದು ಅವರ ಪಾದ ತೊಳೆಯಿತು. ಮಾರುವವನು “ರಂಧ್ರಗಳಿಗೆ ಬಿರಡೆ ಜಡಿದರಾಯಿತು” ಎಂದನಂತೆ. ಹಿಂಬದಿ ತಗ್ಗಿದ ದೋಣಿಯ ಮೇಲೆ ಹಿಂದಿನಿಂದ ಒಂದು ದೊಡ್ಡ ಅಲೆ ಬಂದಿದ್ದರೆ? ಅಳಿಯನು ಕೈಮುಗಿದು ಹಿಂತಿರುಗಿದನು.

ಎರಡು ತಿಂಗಳ ಅನಂತರ ಬೇರೊಂದು ದೋಣಿ ದೊರೆಯಿತು. ಬಣ್ಣ ಮಾಸಿದ್ದು, ಇಂಜಿನ್ ಚಿಕ್ಕದು ಮತ್ತು ಹಗುರ, ಪೆಟ್ರೋಲಿನ ತೊಟ್ಟಿ ನಡುವಿನಲ್ಲಿ. ಚೊಂಬಿನ ನೀರು ನೆಟ್ಟಗೆ ಹಿಂದಕ್ಕೆ ಹರಿದು, ರಂಧ್ರದಿಂದ ಹೊರಬಿದ್ದಿತು.

ಮೊನ್ನೆ ಅದರ ಫೋಟೋ ಬಂದಿದೆ. ಭಾವನವರು ತೇಲುಜಾಕೀಟು ತೊಟ್ಟು, ಚುಕ್ಕಾಣಿಯ ಮುಂದಿನ ಆಸನದಲ್ಲಿ, ದೋಣಿಯ ನಟ್ಟನಡುವೆ, ವಿಗ್ರಹದಂತೆ ಕುಳಿತಿದ್ದಾರೆ. ಏಳಬಾರದೆಂದು ಮಗನ ಕಟ್ಟಪ್ಪಣೆ.

ಕೆಳಗೆ ಅಕ್ಕ ಬರೆದಿದ್ದಾಳೆ: “ನಲವತ್ತು ವರ್ಷ ನಾನು ಹೇಳಿದರೂ ಒಂದು ಕಡೆ ಕೂರದವರು, ಮೂರು ಗಂಟೆ ಕೂತಿದ್ದರು. ಇಂಥದೊಂದು ದೋಣಿ ನಮ್ಮೂರಿನಲ್ಲಿಯೂ ಸಿಗುತ್ತದೆಯೇ?”