ದೂರದ ಮಿತ್ರರು

ಕೊಪ್ಪಳದ ಕೋಟೆ ಕಡಿದಾದ ಬಂಡೆಗಲ್ಲಿನ ಬೆಟ್ಟದ ಮೇಲೆ ನಿಂತಿದೆ. ಊರಿಗೆ ಅಂಟಿಕೊಂಡಂತಿರುವ ಭಾಗ್ಯನಗರದ ಮಕ್ಕಳು ಆ ಬೆಟ್ಟವನ್ನು ನೋಡುತ್ತಲೇ ಬೆಳೆಯುತ್ತಾರೆ. ಆದರೆ ಈ ಕೋಟೆಯ ಕಥೆಗೂ ಪ್ಯಾರಿಸ್, ಲಂಡನ್, ಕಾನ್‌ಸ್ಟಾಂಟಿನೋಪಲ್‌ಗಳಂಥ ದೂರದ ನಗರಗಳಿಗೂ ಸಂಬಂಧವಿತ್ತೆಂಬುದನ್ನು ಬಲ್ಲವರು ವಿರಳ.

1786ರಲ್ಲಿ ಟಿಪ್ಪು ಸುಲ್ತಾನನು ಈ ಕೋಟೆಯನ್ನು ಪಾಳೆಯಗಾರನಿಂದ ವಶಪಡಿಸಿಕೊಂಡನು; ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಹೊಸದಾಗಿ ಕಟ್ಟಿಸಿದನು. ನಾಲ್ಕು ವರ್ಷ ಕಳೆಯುವುದರೊಳಗೆ ಇಂಗ್ಲಿಷರ ಮತ್ತು ನಿಜಾಮನ ಪಡೆಗಳು ಅದಕ್ಕೆ ಮುತ್ತಿಗೆ ಹಾಕಿದವು. ಮುತ್ತಿಗೆ ಸುಮಾರು ಆರು ತಿಂಗಳು ನಡೆಯಿತು. ಅದನ್ನು ಕಣ್ಣಾರೆ ಕಂಡ ಜಾನ್ ಮಾಲ್ಕಂ ಎಂಬ ಇಂಗ್ಲಿಷ್ ಅಧಿಕಾರಿ, ತಾನು ಭಾರತದಲ್ಲಿ ನೋಡಿದ ನೆಲೆಗಳಲ್ಲೆಲ್ಲ ಇದೇ ಅತ್ಯಂತ ಬಲವಾದುದೆಂದು ಹೇಳಿದನಂತೆ. ಅಂಥ ಕೋಟೆಯೂ 1791ರ ಏಪ್ರಿಲ್‌ನಲ್ಲಿ ಶರಣಾಗಬೇಕಾಯಿತು. ಕಲ್ಲು ಗಟ್ಟಿಯಾಗಿತ್ತು, ಕಾವಲಿನವರೂ ಹೇಡಿಗಳಾಗಿರಲಿಲ್ಲ. ಸೋಲಿನ ಬೀಜ ಬೆಟ್ಟದಿಂದ ಬಹುದೂರದಲ್ಲಿ, ರಾಜತಂತ್ರದ ಕ್ಷೇತ್ರದಲ್ಲಿ ಬಿದ್ದಿತ್ತು.

ಹದಿನೆಂಟನೆಯ ಶತಮಾನದ ಮೈಸೂರು ಏಳಿಗೆಯ ಹಾದಿಯಲ್ಲಿದ್ದ ರಾಜ್ಯ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ಪೈಪೋಟಿ ಆ ಕಾಲದಲ್ಲಿ ಅಮೆರಿಕದಿಂದ ಬಂಗಾಳದವರೆಗೆ ಹಬ್ಬಿತ್ತು. ಇಂಗ್ಲಿಷರ ಶತ್ರು ತನಗೆ ಮಿತ್ರನಾಗಬೇಕೆಂಬುದು ಟಿಪ್ಪುವಿನ ಎಣಿಕೆ. ಎಣಿಕೆ ಸಹಜವಾದದ್ದೇ. ಆದರೆ ಅದರ ದೌರ್ಬಲ್ಯ ಅವನ ಆಳ್ವಿಕೆಯ ಆರಂಭದಲ್ಲಿಯೇ ಕಾಣಿಸಿಕೊಂಡಿತ್ತು. 1783ರಲ್ಲಿ ಅವನು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ ಫ್ರೆಂಚ್ ಸೈನಿಕರು ಅವನ ಜೊತೆಗಿದ್ದರು. ಅಷ್ಟರಲ್ಲಿ ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾದ ಸುದ್ದಿ ಹಡಗಿನಲ್ಲಿ ಬಂದಿತು. ಸುದ್ದಿ ಬಂದೊಡನೆ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. 1784ರ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದವಾಗುವವರೆಗೆ ಟಿಪ್ಪು ಒಬ್ಬಂಟಿಯಾಗಿಯೇ ಕಾದಾಡಬೇಕಾಯಿತು.

ಆದರೂ ಅವನು ಆಸೆಯನ್ನು ಬಿಡಲಿಲ್ಲ. 1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ದೊಡ್ಡದೊಂದು ರಾಯಭಾರವನ್ನು ಕಳುಹಿಸಿದನು. ತುರ್ಕಿಗೆ ರಷ್ಯಾದ ಭಯವಿತ್ತು; ಇಂಗ್ಲಿಷರನ್ನು ಕೆಣಕುವ ಸ್ಥಿತಿಯಲ್ಲಿ ಅದು ಇರಲಿಲ್ಲ. 1787ರಲ್ಲಿ ಮೂವರು ರಾಯಭಾರಿಗಳು ಪುದುಚೇರಿಯಿಂದ ಫ್ರಾನ್ಸಿಗೆ ಹೊರಟರು. ಮರುವರ್ಷ ಹದಿನಾರನೆಯ ಲೂಯಿ ದೊರೆ ಅವರನ್ನು ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ಪ್ಯಾರಿಸ್ಸಿನ ಜನ ಅವರ ಉಡುಪನ್ನು ನೋಡಲು ಮುಗಿಬಿದ್ದರು. ಕುಶಲಕರ್ಮಿಗಳು ದೊರೆತರು, ಗಿಡಬೀಜಗಳು ದೊರೆತವು. ಸೈನ್ಯದ ಒಡಂಬಡಿಕೆ ಮಾತ್ರ ದೊರೆಯಲಿಲ್ಲ. ಆ ದೊರೆಯ ಬೊಕ್ಕಸವೇ ಬರಿದಾಗಿತ್ತು. ಒಂದು ವರ್ಷದೊಳಗೆ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಸಿಡಿಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಹತ್ತಿರದ ನೆರೆಹೊರೆಯ ಸ್ಥಿತಿ ಹೇಗಿತ್ತು? ರಾಯಭಾರಿಗಳು ಕಡಲು ದಾಟುವ ಸಿದ್ಧತೆಯಲ್ಲಿದ್ದ ಕಾಲದಲ್ಲಿಯೇ ಮೈಸೂರು ಮರಾಠರೊಡನೆಯೂ ನಿಜಾಮನೊಡನೆಯೂ ಯುದ್ಧದಲ್ಲಿ ತೊಡಗಿತ್ತು. 1787ರಲ್ಲಿ ಮರಾಠರೊಡನೆ ಸಂಧಿಯಾಯಿತು. ಕುಷ್ಟಗಿ, ಯಲಬುರ್ಗಾಗಳಿಗೆ ಸಮೀಪದ ಗಜೇಂದ್ರಗಡವೇ ಆ ಒಪ್ಪಂದದ ಸ್ಥಳ. ಕಾಗದದ ಮೇಲೆ ಮೂಡಿದ ಶಾಂತಿ ಮನಸ್ಸಿನಲ್ಲಿ ಮೂಡಲಿಲ್ಲ. ವರ್ಸೇಲ್ಸ್‌ಗೆ ವೆಚ್ಚಮಾಡಿದ ತಾಳ್ಮೆಯ ಅರ್ಧದಷ್ಟನ್ನು ಪುಣೆ, ಹೈದರಾಬಾದುಗಳಿಗೆ ವೆಚ್ಚಮಾಡಿದ್ದರೆ ಇತಿಹಾಸ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ! 1790ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಈ ಮೂವರೂ ಒಂದಾದರು. ಕೊಪ್ಪಳದ ಬುಡಕ್ಕೆ ಶತ್ರುಸೈನ್ಯ ಬಂದದ್ದು ಈ ಕೂಟದ ಫಲವಾಗಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಅರ್ಧ ರಾಜ್ಯ ಕೈಬಿಟ್ಟಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿದ್ದಿತು. ಇಬ್ಬರು ಎಳೆಯ ರಾಜಕುಮಾರರು ಒತ್ತೆಯಾಳುಗಳಾದರು. ಕೊಪ್ಪಳ ಸೀಮೆ ನಿಜಾಮನ ಪಾಲಾಯಿತು.

ತಪ್ಪೆಲ್ಲ ಟಿಪ್ಪುವಿನದೇ ಎನ್ನುವುದು ನ್ಯಾಯವಲ್ಲ. ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ತೆರೆದ, ಲೋಕವ್ಯವಹಾರದ ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿಯಲು ಹಂಬಲಿಸಿದ ಅರಸರು ಅಂದು ಭಾರತದಲ್ಲಿ ಎಷ್ಟು ಮಂದಿ ಇದ್ದರು? ಅವನ ನೆರೆಯವರ ದೃಷ್ಟಿ ಇನ್ನೂ ಮೊಟಕು. ಮೈಸೂರಿನಿಂದ ಸಿಕ್ಕ ನೆಲವನ್ನು ನಿಜಾಮನು ಬಹುಕಾಲ ಅನುಭವಿಸಲಿಲ್ಲ. ತನ್ನ ರಕ್ಷಣೆಗೆಂದು ಇಟ್ಟುಕೊಂಡ ಇಂಗ್ಲಿಷ್ ಸೈನ್ಯದ ಖರ್ಚಿಗಾಗಿ 1800ರಲ್ಲಿ ಬಳ್ಳಾರಿ ಮೊದಲಾದ ಸೀಮೆಗಳನ್ನು ಕಂಪೆನಿಗೆ ಒಪ್ಪಿಸಬೇಕಾಯಿತು. ಪೇಶ್ವೆಯ ರಾಜ್ಯ 1818ರಲ್ಲಿ ಅಳಿದುಹೋಯಿತು. ಅದಕ್ಕೂ ಮೊದಲು, 1798ರಲ್ಲಿ, ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರನು ಟಿಪ್ಪುವಿನ ಗುಟ್ಟಿನ ಕೋರಿಕೆಯನ್ನು ಬಹಿರಂಗವಾಗಿ ಸಾರಿಬಿಟ್ಟಿದ್ದನು. ಬಂದ ಸಹಾಯ ನೂರು ಜನರಷ್ಟು. ಇಂಗ್ಲಿಷರಿಗೆ ದೊರೆತ ನೆಪ ಸಾವಿರ ಜನರ ಬಲದಷ್ಟು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಸ್ವತಂತ್ರ ಭಾರತದ ಮುಂದೆಯೂ ಇಂಥದೇ ಪ್ರಶ್ನೆ ಬಂದಿತು. ಎರಡನೆಯ ಮಹಾಯುದ್ಧದ ಬಳಿಕ ಜಗತ್ತು ಅಮೆರಿಕದ ಬಣ, ಸೋವಿಯತ್ ಬಣ ಎಂದು ಇಬ್ಭಾಗವಾಯಿತು. ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡು ಎಂಬುದನ್ನು ಹೊಸ ರಾಷ್ಟ್ರ ಅರಿತಿತ್ತು. ಬಣಗಳ ಬಲಪರೀಕ್ಷೆಯಿಂದ ದೂರವಿರಬೇಕೆಂದು ಜವಾಹರಲಾಲ್ ನೆಹರೂ 1946ರಲ್ಲಿಯೇ ಸಾರಿದ್ದರು. ಅದೇ ಮುಂದೆ ಅಲಿಪ್ತ ನೀತಿಯಾಗಿ, 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ಹಲವು ರಾಷ್ಟ್ರಗಳ ಚಳವಳಿಯಾಗಿ ರೂಪುಗೊಂಡಿತು. ಈ ನೀತಿಯಿಂದ ಗೌರವ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಕೊರಿಯಾ ಯುದ್ಧದ ಕೈದಿಗಳ ವಿಚಾರಕ್ಕೆ ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾದಾಗ, 1953ರಲ್ಲಿ ಅದರ ಅಧ್ಯಕ್ಷಸ್ಥಾನ ಕೊಡಗಿನ ಜನರಲ್ ತಿಮ್ಮಯ್ಯನವರಿಗೆ ಒಲಿಯಿತು. ಪರಸ್ಪರ ನಂಬದ ಎರಡು ಪಕ್ಷಗಳೂ ಒಬ್ಬ ಕನ್ನಡ ನಾಡಿನ ಸೇನಾನಿಯ ಮಧ್ಯಸ್ಥಿಕೆಯನ್ನು ಒಪ್ಪಿಕೊಂಡವು.

ಗೌರವವೊಂದೇ ಗಡಿಯನ್ನು ಕಾಯಲಾರದೆಂಬುದು 1962ರಲ್ಲಿ ಗೊತ್ತಾಯಿತು. ಕೊರಿಯಾದಲ್ಲಿ ಸಂಧಾನ ನಡೆಸಿದ ದೇಶ ತನ್ನ ಉತ್ತರದ ನೆರೆಯ ಚೀನಾದ ಮನಸ್ಸನ್ನು ತಪ್ಪಾಗಿ ಓದಿತ್ತು. ಸೈನಿಕರು ಬೇಕಾದ ಶಸ್ತ್ರಗಳಿಲ್ಲದೆ, ಬೆಚ್ಚನೆಯ ಬಟ್ಟೆಯೂ ಸಾಲದೆ ಹಿಮದಲ್ಲಿ ಹೋರಾಡಿದರು. ಆಗ ಅಮೆರಿಕದ ನೆರವನ್ನು ಬೇಡಬೇಕಾಯಿತು.

ಅದಕ್ಕಿಂತಲೂ ಕಹಿಯಾದದ್ದು ಅನ್ನದ ಅನುಭವ. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲಿ ಹೊರಗಿನಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್. ಅದರಲ್ಲಿ ಬಹುಭಾಗ ಅಮೆರಿಕದ ಗೋದಿ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದಾಗ ಅಧ್ಯಕ್ಷ ಜಾನ್ಸನ್ ಸಿಡಿಮಿಡಿಗೊಂಡರು. ಗೋದಿಯ ಹಡಗುಗಳಿಗೆ ಅವರು ಒಮ್ಮೆಗೇ ಅನುಮತಿ ಕೊಡದೆ, ಅಳೆದಳೆದು ಬಿಡುತ್ತಿದ್ದರು. ಹಸಿದವನ ಅಭಿಪ್ರಾಯಕ್ಕೆ ಬೆಲೆ ಎಷ್ಟೆಂಬುದನ್ನು ದೆಹಲಿ ಆ ದಿನಗಳಲ್ಲಿ ಕಲಿಯಿತು. ಕೊಪ್ಪಳ ತಾಲೂಕಿನ ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯತೊಡಗಿತ್ತು. ಗಂಗಾವತಿಯ ಬಯಲು ಭತ್ತದ ಕಣಜವಾಯಿತು. ಹೊಸ ತಳಿಗಳು, ಗೊಬ್ಬರ, ನೀರಾವರಿ ಇವು ದೇಶದ ನಾನಾ ಕಡೆಗಳಲ್ಲಿ ಒಂದುಗೂಡಿ ಆ ಬೇಡುವ ಸ್ಥಿತಿಯನ್ನು ಹೋಗಲಾಡಿಸಿದವು. ಗಂಗಾವತಿಯ ರೈತನು ಗದ್ದೆಗೆ ನೀರು ಹಾಯಿಸುವಾಗ ಪರರಾಷ್ಟ್ರ ನೀತಿಯನ್ನು ನೆನೆದಿರಲಾರನು. ಆದರೂ ರಾಯಭಾರಿಯ ದನಿಗೆ ಕಸುವು ಬಂದದ್ದು ಅವನ ದುಡಿಮೆಯಿಂದ.

1971ರ ಆಗಸ್ಟ್ 9ರಂದು ಭಾರತ ಸೋವಿಯತ್ ಒಕ್ಕೂಟದೊಡನೆ ಮೈತ್ರಿಯ ಒಪ್ಪಂದ ಮಾಡಿಕೊಂಡಿತು. ಅಲಿಪ್ತ ನೀತಿಗೆ ತಿಲಾಂಜಲಿ ಕೊಟ್ಟಂತಾಯಿತೆಂದು ಅನೇಕರು ಆಕ್ಷೇಪಿಸಿದರು. ಟಿಪ್ಪುವಿನ ಹಾದಿಯೇ ಇದು ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ವ್ಯತ್ಯಾಸ ದೊಡ್ಡದು. ಡಿಸೆಂಬರಿನ ಯುದ್ಧವನ್ನು ಹೂಡಿ ಗೆದ್ದದ್ದು ಭಾರತದ ಸೈನ್ಯವೇ. ಸೋವಿಯತ್ ಸೈನ್ಯಕ್ಕಾಗಿ ಯಾರೂ ಕಾದು ಕುಳಿತಿರಲಿಲ್ಲ. ಪೂರ್ವ ಬಂಗಾಳದ ಜನರೇ ಭಾರತದ ಪಕ್ಷದಲ್ಲಿದ್ದರು. ಅಮೆರಿಕವು ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ಹಡಗನ್ನು ಬಂಗಾಳ ಕೊಲ್ಲಿಗೆ ಕಳುಹಿಸಿದಾಗ ದೂರದ ಮಿತ್ರನ ಬೆಂಬಲ ಬೆನ್ನಿಗಿತ್ತು, ನಿಜ. ಆದರೆ ಹೆಗಲು ತನ್ನದೇ ಆಗಿತ್ತು.

ಆ ಮಿತ್ರನೂ ಶಾಶ್ವತನಾಗಿರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಇಂದು ಅಮೆರಿಕ ಮತ್ತು ಚೀನಾಗಳ ನಡುವೆ ಹೊಸ ಪೈಪೋಟಿ ಬೆಳೆದಿದೆ. ಭಾರತ ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳೊಡನೆ ಒಂದು ಕೂಟದಲ್ಲಿದೆ. ರಷ್ಯಾ, ಚೀನಾಗಳೊಡನೆ ಮತ್ತೊಂದರಲ್ಲಿಯೂ ಇದೆ. ಎರಡು ದೋಣಿಗಳಲ್ಲಿ ಕಾಲಿಡುವುದು ಅಪಾಯವೆಂದು ಹಲವರು ಎಚ್ಚರಿಸುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ತೊಡಗಿದ ಮೇಲೆ ಭಾರತ ರಷ್ಯಾದ ಅಗ್ಗದ ತೈಲವನ್ನು ಹೆಚ್ಚಾಗಿ ಕೊಂಡಿತು. ಅದೇ ಕಾರಣವನ್ನೂ ಮುಂದಿಟ್ಟು ಅಮೆರಿಕ 2025ರ ಆಗಸ್ಟ್‌ನಲ್ಲಿ ಅನೇಕ ಭಾರತೀಯ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ಹೇರಿತು. ಆದರೆ ಒಂದೇ ದೋಣಿಯನ್ನು ನಂಬಿದವನ ಗತಿಯನ್ನು ಕೊಪ್ಪಳದ ಬೆಟ್ಟ ಕಂಡಿದೆ. ಕೋಪಕ್ಕೆ ಗುರಿಯಾಗುವುದು ಸ್ವಾತಂತ್ರ್ಯದ ಬೆಲೆಯಾದರೆ, ತೆರುವ ಶಕ್ತಿ ಇರುವವರೆಗೆ ಅದನ್ನು ತೆರುವುದೇ ಲೇಸು. ನೆರೆಹೊರೆಯ ಲೆಕ್ಕ ಮಾತ್ರ ಇಂದಿಗೂ ಸರಿಹೋಗಿಲ್ಲ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ನಡೆದ ಘರ್ಷಣೆಯಲ್ಲಿ 20 ಮಂದಿ ಭಾರತೀಯ ಯೋಧರು ಮಡಿದರು.

ಇಷ್ಟಾದರೂ ವ್ಯಾಪಾರ ನಿಂತಿಲ್ಲ. ಭಾಗ್ಯನಗರದಲ್ಲಿ ಮಗ್ಗದ ಕಸುಬಿನ ಜೊತೆಗೆ ಕೂದಲಿನ ಉದ್ಯಮವೂ ಬೆಳೆದಿದೆ. ಬಾಚಣಿಗೆಯಿಂದ ಉದುರಿದ ಕೂದಲನ್ನು ಹೆಂಗಸರು ಎಳೆಎಳೆಯಾಗಿ ಬಿಡಿಸಿ, ತೊಳೆದು, ಉದ್ದಕ್ಕನುಗುಣವಾಗಿ ಜೋಡಿಸುತ್ತಾರೆ. ಅದನ್ನು ಹೆಚ್ಚಾಗಿ ಕೊಳ್ಳುವ ದೇಶ ಚೀನಾ. ಹಸನುಮಾಡದ ಕೂದಲು ಕಡಿಮೆ ಬೆಲೆಗೆ ಕಳ್ಳದಾರಿಯಲ್ಲಿ ಹೊರದೇಶಕ್ಕೆ ಹೋಗಿ ಇಲ್ಲಿನ ಕೈಗಳಿಗೆ ಕೆಲಸ ತಪ್ಪುತ್ತಿದೆಯೆಂಬ ದೂರು ಎದ್ದಾಗ, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಂಥ ಕೂದಲಿನ ರಫ್ತಿಗೆ ನಿರ್ಬಂಧ ವಿಧಿಸಿತು. ಹಿಮಾಲಯದ ಗಡಿಯಲ್ಲಿ ಮಾತು ಬಿಗಿಯಾದರೂ ಸಡಿಲವಾದರೂ, ಬೀಜಿಂಗಿನಲ್ಲಿ ಸುಂಕ ಏರಿದರೂ ಇಳಿದರೂ, ಆ ವಾರದ ಕೂಲಿಯಲ್ಲಿ ಅದರ ಗುರುತು ಬೀಳುವುದು ಕೋಟೆಯ ಬೆಟ್ಟದ ಆಚೀಚೆಯ ಈ ಮನೆಗಳಲ್ಲಿ.